ಹೆಸರು ಮುಚ್ಚಿ ಓದುವ ಕ್ಲಾಸು

ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನಮ್ಮ ಜನರನ್ನು ಕೇಳಿ ನೋಡಿ. "ಚೆನ್ನಾಗಿದೆ" ಎನ್ನುತ್ತಾರೆ. ಇನ್ನೂ ಸ್ವಲ್ಪ ಹೇಳಿ ಎಂದರೆ "ತುಂಬಾ ಚೆನ್ನಾಗಿದೆ" ಎನ್ನುತ್ತಾರೆ. ಈ ಎರಡು ಮಾತಿನಿಂದ ಆಚೆಗೆ ಅವರನ್ನು ಕರೆದುಕೊಂಡು ಹೋಗುವುದೇ ನನ್ನ ಉದ್ಯೋಗವಾಗಿತ್ತು. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಸಂಜೆ ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕಿ. ಸಾಹಿತ್ಯ ವಿಮರ್ಶೆಯ ಕ್ಲಾಸು ನನ್ನದು. ಹಗಲೆಲ್ಲ ಕಾರ್ಖಾನೆ, ಆಫೀಸು, ಅಡುಗೆಮನೆ ಎಂದು ದುಡಿದವರು ಸಂಜೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅಂಥವರ ಕೈಗೆ ವಿಮರ್ಶೆ ಎಂಬ ಆಯುಧ ಕೊಟ್ಟರೆ ಏನೇನಾಗಬಹುದೋ ಅದೆಲ್ಲ ಆಯಿತು. ನಾನು ಕಲಿಸಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಅವರು ಕಲಿತದ್ದರಲ್ಲೂ ಇರಲಿಲ್ಲ. ಆದರೂ ಪ್ರಸಂಗಗಳಿಗೆ ಬರವಿರಲಿಲ್ಲ.

ಓದಲು ಬಾರದೆ ಪಾಸಾದವರು

ಕಾಲೇಜಿನ ಕಾರ್ಯದರ್ಶಿಗಳು ಹೆಗ್ಗನಹಳ್ಳಿಯವರು. ಜಮೀನುದಾರರು, ಇಟ್ಟಿಗೆ ಗೂಡಿನ ಯಜಮಾನರು. ಬಿಳಿ ಪಂಚೆ, ಬಿಳಿ ಶರ್ಟು, ಮುಖದ ತುಂಬ ಕಪ್ಪು ಮೀಸೆ. ಕಾಲೇಜಿಗೆ ಜಾಗ ಕೊಟ್ಟವರು ಅವರೇ ಆದ್ದರಿಂದ ಅವರು ಸುಮ್ಮನೆ ಕೆಮ್ಮಿದರೂ ಪ್ರಿನ್ಸಿಪಾಲರು ಎದ್ದು ನಿಲ್ಲುತ್ತಿದ್ದರು. ಕಾಲೇಜು ಶುರುವಾದ ವಾರ ನನ್ನನ್ನು ಕರೆಸಿದರು.

"ಮೇಡಮ್ಮೋರೆ, ನಿಮ್ ಕ್ಲಾಸಲ್ಲಿ ಏನ್ ಹೇಳ್ಕೊಡ್ತೀರಿ?"

"ಓದೋದು ಸಾರ್."

"ಓದಾಕೆ ಬರ್ದೆ ಇರೋರು ಎಸ್ಸೆಸ್ಸೆಲ್ಸಿ ಹೆಂಗ್ ಪಾಸಾದ್ರು?"

"ಬಾಯಿಪಾಠ ಮಾಡಿ ಪಾಸಾದ್ರು ಸಾರ್. ಓದಿದ್ರೆ ಫೇಲಾಗ್ತಿದ್ರು."

ಅವರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಕಿಟಕಿ ನೋಡಿದರು.

"ನೋಡಿ, ಟೈಪಿಂಗ್ ಕಲ್ತ್ರೆ ಕೆಲ್ಸ ಸಿಗ್ತದೆ. ಶಾರ್ಟ್‌ಹ್ಯಾಂಡ್ ಕಲ್ತ್ರೆ ಇನ್ನೂ ಒಳ್ಳೇ ಕೆಲ್ಸ ಸಿಗ್ತದೆ. ನಿಮ್ದು ಕಲ್ತ್ರೆ ಏನ್ ಸಿಗ್ತದೆ?"

"ಯಾರೋ ಬರೆದುಕೊಟ್ಟಿದ್ದನ್ನ ಹಾಗೇ ನಂಬದೆ ಇರೋದು ಬರುತ್ತೆ ಸಾರ್."

"ಅದ್ರಿಂದ ಇರೋ ಕೆಲ್ಸಾನೂ ಹೋಯ್ತದೆ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಈ ವರ್ಷ ನಡೀಲಿ. ಕಾಲೇಜ್ ಡೇ ಹೊತ್ಗೆ ನಿಮ್ ಕ್ಲಾಸಿಂದ ಏನ್ ಪ್ರಯೋಜನ ಅಂತ ನನ್ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ವೋ, ಆ ರೂಮಲ್ಲಿ ಟೈಪಿಂಗ್ ಮಿಷನ್ ಕೂರಿಸ್ತೀನಿ," ಎಂದರು.

ಕ್ಲಾಸು ಹೋದರೆ ನನ್ನ ಕೆಲಸವೂ ಹೋದ ಹಾಗೆ. ನನ್ನದು ತಾತ್ಕಾಲಿಕ ಹುದ್ದೆ. ಆದರೂ ನನ್ನ ಪಾಠದ ಮೇಲೆ ನನಗೆ ಭರವಸೆಯಿತ್ತು. "ಕಾಣುತ್ತೆ ಸಾರ್, ನೋಡ್ತಾ ಇರಿ," ಎಂದು ಹೇಳಿ ತಲೆಯೆತ್ತಿ ಹೊರಗೆ ಬಂದೆ. ಪ್ರಿನ್ಸಿಪಾಲರು ನನ್ನ ಹಿಂದೆಯೇ ಓಡಿಬಂದು ಬೆನ್ನು ತಟ್ಟುವವರಂತೆ ಹತ್ತಿರ ನಿಂತು ಕೇಳಿದರು: "ಮೇಡಂ, ನಿಮಗೆ ಟೈಪಿಂಗ್ ಬರುತ್ತಾ?"

ಮದ್ರಾಸಿನ ಲೇಖಕರು

ನನ್ನ ಪಾಠದ ಕ್ರಮ ಸರಳ. ಒಂದು ಪುಟದ ಬರಹವನ್ನು, ಬರೆದವರ ಹೆಸರಿಲ್ಲದೆ, ಕಾರ್ಬನ್ ಇಟ್ಟು ಪ್ರತಿ ತೆಗೆದು ಹಂಚುತ್ತಿದ್ದೆ. ಹೆಸರು ಗೊತ್ತಿದ್ದರೆ ನಮ್ಮವರು ಹೆಸರಿಗೆ ಕೈ ಮುಗಿದು ಬರಹವನ್ನು ಹಾಗೇ ಬಿಟ್ಟುಬಿಡುತ್ತಾರೆ. ಅದಕ್ಕೇ ಹೆಸರು ಮುಚ್ಚಿ ಓದಿ, ಅನ್ನಿಸಿದ್ದನ್ನು ಹೇಳಿ ಎನ್ನುವುದು ನನ್ನ ಮೊದಲ ಪಾಠ. ಕೊನೆಯ ಪಾಠವೂ ಅದೇ.

ಮೊದಲ ದಿನ ಹಾಳೆ ಹಂಚಿದೆ. ಇಡೀ ಕ್ಲಾಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು.

"ಯಾರು ಬರ್ದಿದ್ದು ಮೇಡಂ?" ಎಂದ ಒಬ್ಬ ತರುಣ. ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್.

"ಅದು ಬೇಡ. ಹೇಗಿದೆ ಹೇಳಿ."

"ಯಾರು ಅಂತಾನೇ ಗೊತ್ತಿಲ್ದೆ ಹೇಗಿದೆ ಅಂತ ಹೆಂಗ್ ಹೇಳೋದು?"

ಮುಂದಿನ ಬೆಂಚಿನಲ್ಲಿ ಒಬ್ಬ ಗೃಹಿಣಿ ಕೂರುತ್ತಿದ್ದರು. ದಾವಣಗೆರೆಯ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿದ್ದವರು. ಅವರು ದನಿ ತಗ್ಗಿಸಿ, "ಬರೆದೋರು ಇದಾರೇನ್ರೀ ಮೇಡಂ, ಹೋಗ್ಬಿಟ್ಟಾರಾ?" ಎಂದರು.

"ಯಾಕ್ರೀ?"

"ಹೋಗಿದ್ರೆ ಏನೂ ಅನ್ನಬಾರ್ದಲ್ರೀ, ಪಾಪ."

"ಇದಾರೆ. ಗಟ್ಟಿಮುಟ್ಟಾಗಿದಾರೆ."

ಹಿಂದಿನ ಬೆಂಚಿನಿಂದ ಪೊಲೀಸ್ ಪೇದೆಯೊಬ್ಬರು ಎದ್ದು ನಿಂತರು. ಡ್ಯೂಟಿ ಮುಗಿಸಿ ಒಮ್ಮೊಮ್ಮೆ ಖಾಕಿಯಲ್ಲೇ ಕ್ಲಾಸಿಗೆ ಬರುತ್ತಿದ್ದ ದೊಡ್ಡ ಆಳು. ದನಿ ಆಳಿಗಿಂತ ದೊಡ್ಡದು. "ವಾಸ ಎಲ್ಲಿ ಮೇಡಂ? ಇಲ್ಲೇ ಸುತ್ತಮುತ್ತಾನಾ?"

"ಅದ್ಯಾಕೆ ನಿಮಗೆ?"

"ಇಲ್ಲೇ ಇದ್ರೆ ನಾಳೆ ಬಸ್‌ಸ್ಟಾಪಲ್ಲಿ ಮುಖ ನೋಡ್ಬೇಕಲ್ಲ ಮೇಡಂ."

ನನ್ನ ತಾಳ್ಮೆ ಮುಗಿಯಿತು. "ಬರೆದವರು ಮದ್ರಾಸಲ್ಲಿದಾರೆ. ಬೆಂಗಳೂರಿಗೆ ಬರೋದೇ ಇಲ್ಲ. ನಿಮ್ಮಲ್ಲಿ ಯಾರಿಗೂ ನೆಂಟರಲ್ಲ. ಸಾಕಾ?"

ಸಾಕಾಯಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಿದರು. ಮೊದಲ ಐದು ಸಾಲು ತೆಗೆದು ಬಿಸಾಕಿದರೂ ಗಾಡಿ ಓಡುತ್ತದೆ ಎಂದ ಫಿಟ್ಟರ್. "ಒಂದೇ ಪುಟದಾಗ ಇಷ್ಟು ಸಲ ಸೂರ್ಯ ಮುಳುಗಬೇಕೇನ್ರೀ?" ಎಂದರು ಗೃಹಿಣಿ. "ಹೇಳೋಕೆ ವಿಷ್ಯ ಇಲ್ಲ ಮೇಡಂ, ಸುಮ್ನೆ ಕೂತಿರಕ್ಕಾಗ್ದೆ ಬರ್ದಿದಾರೆ," ಎಂದರು ಪೇದೆ. ಒಂದೊಂದು ಮಾತೂ ಸರಿಯಾಗಿತ್ತು. ಇವರಿಗೆ ಓದಲು ಬರುತ್ತದೆ, ಬಾಯಿ ಬಿಡಿಸುವುದಷ್ಟೇ ನನ್ನ ಕೆಲಸ ಎಂದು ನನಗೆ ನಿಜಕ್ಕೂ ಖುಷಿಯಾಯಿತು. ಕ್ಲಾಸು ಬಿಟ್ಟ ಮೇಲೆ ಹಾಳೆಗಳನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ತುಂಬಿಕೊಂಡೆ. ಅದನ್ನು ಬರೆದವಳು ನಾನೇ. ಮದ್ರಾಸಿನಲ್ಲಿ ಬಾಡಿಗೆ ಮನೆ ಸಿಗಬಹುದೇ ಎಂದು ಯೋಚಿಸುತ್ತಾ ಬಸ್ಸು ಹತ್ತಿದೆ.

ಮೊದಲು ವಿಚಾರಿಸತಕ್ಕವರು

ಇನ್ನೊಮ್ಮೆ ಒಂದು ಪುಟ್ಟ ಕಥೆ ಕೊಟ್ಟೆ. ಅದೂ ನನ್ನ ಕೈಯದೇ. ದೊಡ್ಡ ಮನೆಯೊಂದರಲ್ಲಿ ಬೆಳ್ಳಿ ಚೊಂಬು ಕಾಣೆಯಾಗುತ್ತದೆ, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ, ಕೊನೆಯಲ್ಲಿ ಕದ್ದವನು ಮನೆಯ ಅಳಿಯನೇ ಎಂದು ತಿಳಿಯುತ್ತದೆ. ಇದಕ್ಕೆ ಒಂದು ಪುಟದ ವಿಮರ್ಶೆ ಬರೆದು ತನ್ನಿ ಎಂದಿದ್ದೆ.

ಪೇದೆಯವರಿಗೆ ಕನ್ನಡದಲ್ಲಿ ಬರೆದು ಅಭ್ಯಾಸವಿದ್ದದ್ದು ಮಹಜರು ಒಂದೇ. ಆದ್ದರಿಂದ ವಿಮರ್ಶೆಯೂ ಹಾಗೇ ಬಂತು. "ಇಂದು ಸಂಜೆ ಏಳು ಗಂಟೆಗೆ ಸದರಿ ಕಾಲೇಜಿನ ಕೊಠಡಿಯಲ್ಲಿ, ಕೆಳಗೆ ಸಹಿ ಮಾಡಿದ ನಾನು ಪಂಚರ ಸಮಕ್ಷಮ ಸದರಿ ಕಥೆಯನ್ನು ಓದಲಾಗಿ," ಎಂದು ಶುರು. ಕೆಳಗೆ ಅಕ್ಕಪಕ್ಕ ಕೂತಿದ್ದ ಇಬ್ಬರ ಸಹಿಯನ್ನೂ ಹಾಕಿಸಿದ್ದರು. ನಗು ತಡೆದುಕೊಂಡು ಓದುತ್ತಾ ಹೋದೆ.

"ಚೊಂಬು ಕಳುವಾದ ವೇಳೆಯಲ್ಲಿ ಮನೆಯೊಳಗೆ ಯಾರೂ ಇರಲಿಲ್ಲವೆಂದು ಕಥೆಗಾರರು ಹೇಳಿರುತ್ತಾರೆ. ಯಾರೂ ಇರದಿದ್ದಲ್ಲಿ ಬಾಗಿಲು ಕಿರ್ರೆಂದ ಶಬ್ದವನ್ನು ಕೇಳಿಸಿಕೊಂಡವರು ಯಾರು? ಆದುದರಿಂದ ಕಥೆಗಾರರು ಖುದ್ದು ಸ್ಥಳದಲ್ಲಿ ಹಾಜರಿದ್ದರೆಂದು ತಿಳಿಯುತ್ತದೆ. ಮನೆಯ ಪ್ರತಿಯೊಬ್ಬರ ಮನಸ್ಸಿನಲ್ಲಿ ಏನಿದೆ ಎಂಬುದೂ ಇವರಿಗೆ ಗೊತ್ತಿರುತ್ತದೆ. ಕಳ್ಳ ಯಾರೆಂದು ಮೊದಲಿನಿಂದ ತಿಳಿದಿದ್ದರೂ ಕೊನೆಯವರೆಗೆ ಬಾಯಿ ಬಿಟ್ಟಿರುವುದಿಲ್ಲ. ಕಾರಣ, ಮೊದಲು ಕಥೆಗಾರರನ್ನೇ ಕರೆಸಿ ವಿಚಾರಿಸತಕ್ಕದ್ದು."

ನಗು ನಿಂತುಹೋಯಿತು. ಕಥೆ ಹೇಳುವವರ ಮೇಲೆ ಒಂದು ಕಣ್ಣಿಡಿ, ಅವರು ಏನನ್ನು ಹೇಳುತ್ತಾರೆ, ಏನನ್ನು ಬಚ್ಚಿಡುತ್ತಾರೆ ನೋಡಿ ಎಂದು ನಾನು ವಾರಗಟ್ಟಲೆ ಬೋರ್ಡಿನ ಮೇಲೆ ಸೀಮೆಸುಣ್ಣ ಸವೆಸಿದ್ದು ಇದಕ್ಕಾಗಿಯೇ. ಪೂರ್ತಿ ಅಂಕ ಹಾಕಿ, ಇಡೀ ಕ್ಲಾಸಿಗೆ ಓದಿ ಹೇಳಿದೆ. ಪೇದೆ ಮಾತ್ರ ಇನ್ನೂ ಯೋಚನೆಯಲ್ಲಿದ್ದರು.

"ಮೇಡಂ, ಇದನ್ನ ಬರ್ದಿರೋರೂ ಆ ಮದ್ರಾಸಿನವ್ರೇನಾ?"

"ಹೌದು, ಅವರೇ."

"ಛೆ," ಎಂದು ಕೈ ಹಿಸುಕಿಕೊಂಡರು. "ಆರೋಪಿ ತಲೆಮರೆಸಿಕೊಂಡಿದಾರೆ ಅಂತ ಸೇರಿಸ್ಬೇಕಿತ್ತು."

ಹೋದ ಮೂರು ಅಂಕ

ಬಸವೇಶ್ವರನಗರದ ಗೃಹಿಣಿಗೆ ವಾರಪತ್ರಿಕೆಯ ಧಾರಾವಾಹಿಗಳೆಂದರೆ ಪ್ರಾಣ. ಸರಿ, ಅದರ ಮೇಲೇ ಬರೆಯಿರಿ ಎಂದೆ. ಧಾರಾವಾಹಿ ಸೊಗಸಾಗಿ ಮೂಡಿಬರುತ್ತಿದೆ, ಸೊಸೆಯ ಪಾತ್ರ ಕಣ್ಣೀರು ತರಿಸುತ್ತದೆ ಎಂದು ಎರಡು ಪುಟ ಬರೆದು ತಂದರು. ಹತ್ತಕ್ಕೆ ಮೂರು ಕೊಟ್ಟೆ. ಮುಖ ಚಿಕ್ಕದು ಮಾಡಿಕೊಂಡು ಹೋದರು.

ಮುಂದಿನ ವಾರ ಅದೇ ಧಾರಾವಾಹಿಯ ಮೇಲೆ ಅವರು ಬರೆದು ತಂದದ್ದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಅತ್ತೆ ಬೈದಳು ಎಂದು ಬರೆದಿದ್ದಾನೆ, ಯಾಕೆ ಬೈದಳು ಎಂದು ಬರೆದಿಲ್ಲ. ಸೊಸೆ ಅಳುವುದಕ್ಕೆ ಅರ್ಧ ಪುಟ ಕೊಟ್ಟವನು, ಅವಳು ಒಲೆಯ ಮೇಲೆ ಹಾಲಿಟ್ಟು ಮರೆತದ್ದಕ್ಕೆ ಅರ್ಧ ಸಾಲು ಕೊಟ್ಟಿದ್ದಾನೆ. ಹಾಲು ಹೋದದ್ದು ಯಾರ ಮನೆಯದು? ಈ ಕಥೆಯಲ್ಲಿ ಅತ್ತೆಗೆ ಬಾಯಿ ಇದೆ, ಮಾತಾಡಲು ಅವಕಾಶ ಇಲ್ಲ."

"ಇದು ನಿಮ್ಮದೇನಾ?" ಎಂದು ಕೇಳಿದೆ.

ಅವರು ನಾಚಿಕೊಂಡರು. "ನಮ್ಮತ್ತೇರದು ಮೇಡಂ. ಅವರಿಗೆ ಕಣ್ಣು ಮಂಜು. ಪತ್ರಿಕೆ ನಾನೇ ಓದಿ ಹೇಳ್ತೀನಿ. ಇಷ್ಟು ದಿನ ಸುಮ್ನೆ ಕೇಳ್ತಿದ್ರು. ಕ್ಲಾಸಿನಾಗ ಹಿಂಗೆಲ್ಲ ಪ್ರಶ್ನೆ ಮಾಡ್ಬೇಕಂತೆ ಅಂತ ಒಂದು ಮಾತು ಹೇಳಿದ್ದೇ ತಪ್ಪಾತು ನೋಡ್ರಿ. ಈಗ ನಾಲ್ಕು ಸಾಲು ಓದಾಕ ಬಿಡಲ್ಲ, 'ನಿಲ್ಸು, ಅದ್ಯಾಕೆ?' ಅಂತಾರೆ."

ಅತ್ತೆಯ ಅಭಿಪ್ರಾಯ ಒಂದು ಕಡೆ, ನಿಮ್ಮದು ಒಂದು ಕಡೆ, ಎರಡನ್ನೂ ಬರೆದು ತನ್ನಿ ಎಂದೆ. ಆ ಮನೆಯಲ್ಲಿ ಪ್ರತಿ ವಾರ ಪತ್ರಿಕೆ ಬಂದ ದಿನ ಅತ್ತೆ ಸೊಸೆ ಎದುರುಬದುರು ಕೂತು ವಾದ ಮಾಡುತ್ತಿದ್ದರಂತೆ. ಜಗಳ ತಮ್ಮ ಮನೆಯದಲ್ಲ, ಪತ್ರಿಕೆಯದು ಎಂದು ಗಂಡನಿಗೆ ಅರ್ಥವಾಗಲು ಬಹಳ ದಿನ ಹಿಡಿಯಿತಂತೆ. ಕೊನೆಗೆ ಬಂದ ಲೇಖನಕ್ಕೆ ಸಂತೋಷದಿಂದ ಹತ್ತಕ್ಕೆ ಏಳು ಹಾಕಿದೆ. ಮನೆಗೆ ಹೋದಾಗ ಏನಾಯಿತೆಂದು ಮಾರನೆಯ ದಿನ ಗೃಹಿಣಿಯೇ ಹೇಳಿದರು.

"ಎಷ್ಟು ಬಂತಲೇ ನಮಗೆ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದರಂತೆ.

"ಹತ್ತಕ್ಕೆ ಏಳು, ಅತ್ತಿ."

ಅತ್ತೆ, "ಹೋದ ಮೂರು ನಿಂದೇ ಇರ್ಬೇಕು ತಗಾ," ಎಂದರಂತೆ.

ಚಹಾದ ನೋಟೀಸು

ಇದು ಫಿಟ್ಟರನ ಕಥೆ, ಚಿಕ್ಕದು. ಅವನ ಕಾರ್ಖಾನೆಯ ಬೋರ್ಡಿನ ಮೇಲೆ ಒಂದು ನೋಟೀಸು ಬಂತು: "ಕಾರ್ಮಿಕ ಬಂಧುಗಳ ಆರೋಗ್ಯದ ಹಿತದೃಷ್ಟಿಯಿಂದ ಮಧ್ಯಾಹ್ನದ ಚಹಾವನ್ನು ನಿಲ್ಲಿಸಲಾಗಿದೆ." ನಮ್ಮವನು ಪೆನ್ಸಿಲ್ ತೆಗೆದು ಕೆಳಗೆ ಬರೆದ: "ಮೊದಲ ಅರ್ಧಕ್ಕೂ ಎರಡನೆಯ ಅರ್ಧಕ್ಕೂ ಸಂಬಂಧ ಕಾಣುವುದಿಲ್ಲ. ಬರೆದವರ ನಿಜವಾದ ಉದ್ದೇಶ ಬೇರೆ ಇದೆ."

ಮ್ಯಾನೇಜರಿಂದ ಮೆಮೊ ಬಂತು. ಅವನು ಹೆದರುವುದು ಬಿಟ್ಟು ಮೆಮೊವನ್ನು ಕ್ಲಾಸಿಗೆ ತಂದ. ಹೆಸರು ಮುಚ್ಚಿ ಅದನ್ನೂ ಓದಿದೆವು. ಶೈಲಿ ಬಿಗಿಯಾಗಿದೆ, ಸಿಟ್ಟು ನಿಜವಾದದ್ದು, ಆದರೆ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ ಎಂದು ಒಮ್ಮತದಿಂದ ಹತ್ತಕ್ಕೆ ಐದು ಕೊಟ್ಟೆವು. ಅದನ್ನೇ ವಿನಯವಾಗಿ ಬರೆದು ಮೆಮೊಗೆ ಉತ್ತರ ಕೊಟ್ಟ. ಒಂದು ವಾರ ಸದ್ದಿಲ್ಲ. ಆಮೇಲೆ ಬೋರ್ಡಿನ ಮೇಲೆ ಹೊಸ ನೋಟೀಸು: "ಮಧ್ಯಾಹ್ನದ ಚಹಾ ನಿಲ್ಲಿಸಿದ್ದೇವೆ. ನಮಗೆ ಖರ್ಚು ಜಾಸ್ತಿಯಾಗಿದೆ."

"ಬರವಣಿಗೆ ತುಂಬಾ ಸುಧಾರಿಸಿದೆ ಮೇಡಂ," ಎಂದ ಫಿಟ್ಟರ್. "ಚಹಾ ಮಾತ್ರ ಬಂದಿಲ್ಲ."

ಹೆಗ್ಗನಹಳ್ಳಿಯ ಹುಲಿ

ಕಾಲೇಜ್ ಡೇ ಬಂದೇಬಿಟ್ಟಿತು. ಆ ದಿನ ಕಾರ್ಯದರ್ಶಿಗಳಿಗೆ ಬಿನ್ನವತ್ತಳೆ ಅರ್ಪಿಸುವುದು ನಮ್ಮಲ್ಲಿ ವರ್ಷ ವರ್ಷದ ಪದ್ಧತಿ. ಆಗ ಸುತ್ತಮುತ್ತ ಯಾವ ಸಭೆಯೂ ಬಿನ್ನವತ್ತಳೆ ಇಲ್ಲದೆ ಮುಗಿಯುತ್ತಿರಲಿಲ್ಲ. ಮಾಗಡಿ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಅದಕ್ಕೆ ಬೇಕಾದ ಅಚ್ಚಿನ ಮೊಳೆಗಳನ್ನು ಜೋಡಿಸಿಯೇ ಇಟ್ಟಿರುತ್ತಿದ್ದರು. "ಕೊಡುಗೈ ದಾನಿಗಳೇ, ನಾಡಿನ ನಂದಾದೀಪವೇ" ಎಲ್ಲವೂ ಖಾಯಂ; ಹೆಸರಿನ ಸಾಲೊಂದು ಬದಲಿಸಿದರೆ ಆಯಿತು. ಕಾರ್ಯದರ್ಶಿಗಳ ಮನೆಯ ಹಾಲಿನಲ್ಲಿ ಗೋಡೆಯ ಬಣ್ಣ ಕಾಣದಷ್ಟು ಬಿನ್ನವತ್ತಳೆಗಳು ಗಾಜು ಹಾಕಿಸಿಕೊಂಡು ತೂಗುತ್ತಿದ್ದವು.

ಓದಲು ಪ್ರಿನ್ಸಿಪಾಲರು ನಮ್ಮ ಪೇದೆಯವರನ್ನು ಆರಿಸಿದರು. ಮೈಕು ಕೆಟ್ಟರೂ ಚಿಂತೆಯಿಲ್ಲ ಎಂಬ ದೂರಾಲೋಚನೆ. ಪೇದೆ ಗಂಟಲು ಸರಿಮಾಡಿಕೊಂಡು ಬೀದಿಗೆಲ್ಲ ಕೇಳುವಂತೆ ಓದಿದರು. ಚಪ್ಪಾಳೆ ಬಿತ್ತು. ಶಾಲು ಹೊದ್ದು ಕೂತಿದ್ದ ಕಾರ್ಯದರ್ಶಿಗಳು ಮೀಸೆ ನೀವಿಕೊಂಡು ಮೈಕಿನ ಹತ್ತಿರ ಬಾಗಿದರು.

"ನೀವು ಆ ವಿಮರ್ಶೆ ಕ್ಲಾಸಿನೋರಲ್ವಾ? ಏನ್ ಕಲ್ತಿದೀರ ಅಂತ ಇವತ್ತು ನೋಡ್ತೀನಿ ಅಂದಿದ್ದೆ. ಈಗ ಓದಿದ್ರಲ್ಲ, ಅದ್ರ ಮೇಲೆ ಒಂದ್ ವಿಮರ್ಶೆ ಹೇಳಿ, ಕೇಳಾಣ."

ಹೊಗಳಿಕೆಯ ಮೇಲೆ ಇನ್ನೊಂದು ಹೊಗಳಿಕೆ ಬೀಳುತ್ತದೆಂದು ಅವರ ಲೆಕ್ಕ. ಪೇದೆ ನನ್ನತ್ತ ನೋಡಿದರು. ಪ್ರಿನ್ಸಿಪಾಲರೂ ನೋಡಿ, ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. "ಚೆನ್ನಾಗಿದೆ" ಎಂದುಬಿಟ್ಟರೆ ನನ್ನ ಕೆಲಸ ಉಳಿಯುತ್ತಿತ್ತು. ಆದರೆ ಆ ಒಂದು ಮಾತನ್ನು ಬಿಡಿಸಲೆಂದೇ ವರ್ಷವೆಲ್ಲ ಹೆಣಗಿದವಳು ನಾನು. ಹೇಳಿ ಎಂದು ತಲೆಯಾಡಿಸಿದೆ.

ಪೇದೆ ಕ್ಲಾಸಿನಲ್ಲಿ ಮಾಡುವಂತೆಯೇ ಅಗಲವಾದ ಅಂಗೈಯನ್ನು ಹೆಸರಿನ ಮೇಲಿಟ್ಟು ಇನ್ನೊಮ್ಮೆ ಕಣ್ಣಾಡಿಸಿದರು. "ಸಾರ್, ಹೆಸರು ಮುಚ್ಚಿದ್ರೆ ಇದು ಯಾರ ಬಗ್ಗೆ ಅಂತ ಗೊತ್ತಾಗಲ್ಲ. ನಿಮ್ಮ ಊರಿಲ್ಲ, ಇಟ್ಟಿಗೆ ಗೂಡಿಲ್ಲ, ನೀವು ಕೊಟ್ಟ ಜಾಗದ ಮಾತಿಲ್ಲ, ಮೀಸೆ ಕೂಡ ಇಲ್ಲ. ಈ ಚಹರೆ ಇಟ್ಕೊಂಡು ಹುಡುಕ್ಕೊಂಡು ಹೊರಟ್ರೆ ಅರ್ಧ ರಾಜಾಜಿನಗರನ ಸ್ಟೇಷನ್ನಿಗೆ ಕರ್ಕೊಂಡ್ ಬರ್ಬೇಕಾಗುತ್ತೆ."

ಕಾರ್ಯದರ್ಶಿಗಳು ಬಾಯಿ ತೆರೆಯುವುದರೊಳಗೆ ಪ್ರಿನ್ಸಿಪಾಲರು ಗಾಬರಿಯಲ್ಲಿ ವಂದನಾರ್ಪಣೆಯನ್ನೂ ಬಿಟ್ಟು ನೇರವಾಗಿ ರಾಷ್ಟ್ರಗೀತೆ ಹಾಡಿಸಿಬಿಟ್ಟರು. ಕಾರ್ಯದರ್ಶಿಗಳೂ ಎದ್ದು ನೆಟ್ಟಗೆ ನಿಲ್ಲಬೇಕಾಯಿತು. ಹಾಡು ಮುಗಿದದ್ದೇ ಉಪ್ಪಿಟ್ಟನ್ನೂ ಮುಟ್ಟದೆ ಹೊರಟುಹೋದರು.

ಸೋಮವಾರ ನಾನು ಕಾರ್ಬನ್ ಹಾಳೆಗಳನ್ನೆಲ್ಲ ಕಟ್ಟಿಟ್ಟುಕೊಂಡು ಕ್ಲಾಸಿನಲ್ಲಿ ಕೂತಿದ್ದೆ. ಬೇಸರವಿತ್ತು, ಆದರೆ ಸೋತೆ ಎಂದು ಅನ್ನಿಸಿರಲಿಲ್ಲ. ಕಾರ್ಯದರ್ಶಿಗಳು ಬಾಗಿಲಲ್ಲಿ ಕಾಣಿಸಿಕೊಂಡರು. ಕಂಕುಳಲ್ಲಿ ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದ ಏನೋ ಒಂದು.

"ಮಿಷನ್ ತಂದ್ರು," ಎಂದರು ಗೃಹಿಣಿ.

"ಅಷ್ಟು ತೆಳ್ಳಗಿನ ಮಿಷನ್ ಇಲ್ಲ ಅಕ್ಕಾ," ಎಂದ ಫಿಟ್ಟರ್.

ಕಾರ್ಯದರ್ಶಿಗಳು ದುಪ್ಪಟಿ ಬಿಚ್ಚಿದರು. ಒಳಗಿದ್ದದ್ದು ಗಾಜು ಹಾಕಿದ ಬಿನ್ನವತ್ತಳೆ. "ಮೇಡಮ್ಮೋರೆ, ನಿನ್ನೆ ನಮ್ಮನೆ ಗೋಡೆ ಮೇಲಿರೋದ್ನೆಲ್ಲಾ ಇಳಿಸ್ದೆ. ಒಂದೊಂದೇ ಹೆಸ್ರು ಮುಚ್ಚಿ ಓದ್ದೆ. ಎಲ್ಲಾ ಒಂದೇ! ಇದೊಂದೇ ಬ್ಯಾರೆ. ನನ್ ಕುರ್ಚಿ ಮೇಲ್ಗಡೆ ಎಷ್ಟೋ ವರ್ಷದಿಂದ ನೇತಾಕಿದೀನಿ. ಹೆಸ್ರು ಮುಚ್ಚಾನ ಅಂತ ಹುಡುಕ್ತೀನಿ, ನನ್ ಹೆಸ್ರೇ ಇಲ್ಲ!"

ಪೇದೆ ಎದ್ದುಬಂದು ಗಟ್ಟಿಯಾಗಿ ಓದಿದರು: "ಸಾವಿರಾರು ಕಂದಮ್ಮಗಳ ಮೂಗು ಒರೆಸಿ, ಕೈ ಹಿಡಿದು ಅಕ್ಷರ ತಿದ್ದಿಸಿದ ಮಹಾತಾಯಿಯೇ..."

ಕ್ಲಾಸು ಗೊಳ್ಳೆಂದಿತು. ಕಾರ್ಯದರ್ಶಿಗಳೂ ನಕ್ಕರು. "ನಗಿ, ನಗಿ. ಮನೆಗೆ ಬಂದೋರೆಲ್ಲ ಇದ್ರ ಮುಂದೆ ನಿಂತು 'ಆಹಾ, ನಿಮಗೆ ತಕ್ಕದ್ದು' ಅಂದವ್ರೆ. ಒಬ್ಬನೂ ಓದಿಲ್ಲ. ನಾನೂ ಓದಿಲ್ಲ."

ವಿಷಯ ಇಷ್ಟೇ. ಹಿಂದೆ ಒಂದು ಸಂಘದವರು ಒಂದೇ ಸಭೆಯಲ್ಲಿ ಇವರನ್ನೂ ಕೆಂಗೇರಿಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿಯನ್ನೂ ಸನ್ಮಾನಿಸಿದ್ದರು. ಪ್ರೆಸ್ಸಿನ ಸಿದ್ಧ ಅಚ್ಚು ಬೇಡವೆಂದು ತಾವೇ ಕೂತು ಇಬ್ಬರಿಗೂ ಬೇರೆಬೇರೆಯಾಗಿ ಬರೆದಿದ್ದರು. ಕೊಡುವಾಗ ಅದಲುಬದಲಾಗಿತ್ತು.

"ಟೈಪಿಂಗ್ ಮಿಷನ್ನ ವರಾಂಡದಲ್ಲಿ ಕೂರಿಸ್ಕೊಳ್ಲಿ," ಎಂದರು ಕಾರ್ಯದರ್ಶಿಗಳು. "ಈ ರೂಮ್ ನಿಮ್ದೇ. ಭಾನ್ವಾರ ನಡೀರಿ ಕೆಂಗೇರಿಗೆ. ನನ್ ಬಗ್ಗೆ ಅಂತಾನೇ ಬರ್ದಿರೋದು ಅದೊಂದೇ. ಏನ್ ಬರ್ದವ್ರೆ ನೋಡ್ಬೇಕು."

ಭಾನುವಾರ ಆ ಬಿನ್ನವತ್ತಳೆಯನ್ನೂ ಹಾಕಿಕೊಂಡು ಅವರ ಜೀಪಿನಲ್ಲಿ ನಾನೂ ಪೇದೆಯೂ ಹೊರಟೆವು. ಮುಖ್ಯೋಪಾಧ್ಯಾಯಿನಿ ಮೇಡಂ ಬಾಗಿಲು ತೆಗೆದರು. ಎದುರು ಗೋಡೆಯ ಮೇಲೇ ಅದು ಇತ್ತು: "ಹೆಗ್ಗನಹಳ್ಳಿಯ ಹುಲಿಯೇ! ತಮ್ಮ ಮೀಸೆಯ ಗತ್ತಿಗೆ ಎದುರಾಳಿಗಳು ನಡುಗುವರು!"

ಕಾರ್ಯದರ್ಶಿಗಳು ಅದರ ಮುಂದೆ ನಿಂತು ತುಟಿಯಾಡಿಸುತ್ತಾ ಪೂರ್ತಿ ಓದಿದರು. ಕಣ್ಣು ಒದ್ದೆಯಾಗಿತ್ತು. "ತಾಯಿ, ಇದು ನಂದು. ನಿಮಗೆ ಗೊತ್ತಿರ್ಲಿಲ್ವಾ?"

"ಮನೆಗೆ ತಂದ ದಿನವೇ ಗೊತ್ತಾಯ್ತು ಸ್ವಾಮಿ. ನಾನು ಪಾಠ ಹೇಳಿದವಳು, ಕೈಗೆ ಬಂದಿದ್ದನ್ನ ಓದದೆ ಬಿಡ್ತೀನಾ?"

"ಮತ್ತೆ ವಾಪಸ್ ಯಾಕ್ ಕೊಡ್ಲಿಲ್ಲ?"

"ಈಗ್ಲೂ ಕೊಡಲ್ಲ," ಎಂದರು ಮೇಡಂ, ಗೋಡೆಗೆ ಅಡ್ಡವಾಗಿ ನಿಂತು. "ಕೆಲಸಕ್ಕೆ ಸೇರಿದಾಗಿನಿಂದ ಎಲ್ಲರೂ ಮಹಾತಾಯಿ, ಮಹಾತಾಯಿ ಅಂದು ಅಂದು ಸಾಕಾಗಿತ್ತು ನನಗೆ. ಜೀವನದಲ್ಲಿ ಒಂದೇ ಒಂದು ಸಲ ಯಾರೋ ಹುಲಿ ಅಂದಿದಾರೆ. ಮೀಸೆ ಸಾಲೊಂದು ಸ್ವಲ್ಪ ಹೊಂದಲ್ಲ. ಉಳಿದಿದ್ದೆಲ್ಲಾ ನಾನೇ."

ಪೇದೆ ನನ್ನ ಕಿವಿಯಲ್ಲಿ, "ವಿಮರ್ಶೆ ಸರಿಯಾಗಿದೆ ಮೇಡಂ," ಎಂದರು. ಕಾರ್ಯದರ್ಶಿಗಳಿಗೂ ಒಪ್ಪಿಗೆಯಾಗಿರಬೇಕು. ಕೈ ಮುಗಿದು, ಕಾಫಿ ಕುಡಿದು, ಮಹಾತಾಯಿಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದರು.

ಅದನ್ನು ಅವರು ಮತ್ತೆ ತಮ್ಮ ಕುರ್ಚಿಯ ಮೇಲೆಯೇ ನೇತುಹಾಕಿದರು. ಆದರೆ ಮನೆಯಲ್ಲಿ ಒಂದು ಹೊಸ ಕಟ್ಟಳೆ ಬಂತು: ಅದನ್ನು ಓದದೆ "ನಿಮಗೆ ತಕ್ಕದ್ದು" ಎಂದವರಿಗೆ ಕಾಫಿ ಇಲ್ಲ. ಮೊದಲು ಕಾಫಿ ಕಳೆದುಕೊಂಡವರು ನಮ್ಮ ಪ್ರಿನ್ಸಿಪಾಲರು.